ತಲೆಗೆ ವಯರು ಹಾಕಿ ನೋಡಿದ್ರೆ ಮುಂದಿನದ್ದು ಗೊತ್ತಾಗ್ತದಾ ಡಾಕ್ಟ್ರೇ?

ಹೋದ ಸಂಚಿಕೆಯಲ್ಲಿ ಮಕ್ಕಳ ಫಿಟ್ಸ್ ಬಗ್ಗೆ ಅರ್ಧ ಪುಟ ಬರ್ದದ್ದಷ್ಟೆ. ಅದರ ಕೊನೆಗೆ "ಇಇಜಿ ನೋಡಿ ಮುಂದೆ ಹೇಗೆ ಅಂತ ಸ್ವಲ್ಪ ಅಂದಾಜು ಮಾಡ್ಬಹುದು" ಅಂತ ಒಂದು ಸಾಲು ಹಾಕಿದ್ದೆ, ಅದೇ ಸಾಕಾಯ್ತು. (ಇಇಜಿ ಅಂದ್ರೆ ತಲೆಗೆ ವಯರು ಹಾಕಿ ಮಿದುಳಿನ ಕರೆಂಟನ್ನು ಗೀಟಿನಲ್ಲಿ ತೋರಿಸುವ ಪರೀಕ್ಷೆ.) ಪೆರ್ಲದಿಂದ ಹಿಡಿದು ಉಪ್ಪಳದ ವರೆಗೆ ಪತ್ರ, ವಾಟ್ಸಾಪು, ಒಬ್ಬರಂತೂ ರಿಪೋರ್ಟಿನ ಹನ್ನೊಂದು ಪುಟ ಫೋಟೋ ತೆಗ್ದು ಕಳಿಸಿದ್ದಾರೆ, ಹನ್ನೊಂದೂ ತಲೆಕೆಳಗೆ. ಎಲ್ಲರದ್ದೂ ಸುತ್ತಿ ಬಳಸಿ ಕೇಳಿಕೆ ಒಂದೇ, ನಮ್ಮ ಮಗು ಸರಿ ಆಗ್ತದಾ ಇಲ್ವಾ ಅಂತ ಆ ಮೆಶಿನಿನಲ್ಲಿ ಗೊತ್ತಾಗ್ತದಾ. ಹಾಗಾಗಿ ಈ ಸಲ ಅಜೀರ್ಣ, ಅಲರ್ಜಿ, ಕೂದಲು ಉದುರುದು ಎಲ್ಲ ಬದಿಗಿಟ್ಟು ಪುಟ ಪೂರ್ತಿ ಇದಕ್ಕೇ. ಹೆಸರು ಯಾರದ್ದೂ ಹಾಕುದಿಲ್ಲ, ಊರು ಮಾತ್ರ. ಫಿಟ್ಸ್ ಅಂದ್ರೆ ನಮ್ಮಲ್ಲಿ ಇನ್ನೂ ಮುಚ್ಚಿಡುವ ವಿಷಯ ಅಲ್ವಾ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಬೆಳಿಗ್ಗೆ ಐದು ಗಂಟೆ ಹೊತ್ತಿಗೆ ನಿದ್ದೆಯಲ್ಲಿ ಗೊರ್ ಗೊರ್ ಅಂತ ಶಬ್ದ ಬಂತು, ನೋಡಿದ್ರೆ ಬಾಯಿ ಒಂದು ಬದಿಗೆ ಎಳೀತಾ ಉಂಟು, ಜೊಲ್ಲು ಇಳೀತಾ ಉಂಟು, ನನ್ನನ್ನೇ ನೋಡ್ತಾನೆ ಆದ್ರೆ ಮಾತಾಡ್ಲಿಕ್ಕೆ ಆಗುದಿಲ್ಲ. ಎರಡು ನಿಮಿಷದಲ್ಲಿ ಸರಿ ಆಯ್ತು. ಒಂದು ವರ್ಷದಲ್ಲಿ ಮೂರು ಸಲ ಹೀಗೆ. ಮಂಗಳೂರಿಗೆ ಹೋಗಿ ಇಇಜಿ ಮಾಡಿಸಿದೆವು, ಸೆಂಟ್ರೋಟೆಂಪೋರಲ್ ಸ್ಪೈಕ್ಸ್ ಅಂತ ಬರ್ದಿದ್ದಾರೆ, "ಫ್ರೀಕ್ವೆಂಟ್" ಅಂತಲೂ ಉಂಟು. ಅತ್ತೆ ಚರಡು ಕಟ್ಟಿಸುವ ಅಂತಾರೆ. ನೆರೆಮನೆಯವರು ಇದು ಜೀವಮಾನದ್ದು ಅಂದ್ರು. ನನಗೆ ನಿದ್ದೆ ಇಲ್ಲ. (ತಾಯಿ, ಪೆರ್ಲ)

ಉತ್ತರ: ಅಕ್ಕ, ನೀವು ಬರ್ದದ್ದು ಎಷ್ಟು ಚಂದ ಉಂಟು ಅಂದ್ರೆ ರಿಪೋರ್ಟಿನ ಸಾಲಿಗೆ ಬರುವ ಮೊದಲೇ ನನಗೆ ಮುಕ್ಕಾಲು ಗೊತ್ತಾಯ್ತು. ಬೆಳಗಿನ ಜಾವ, ಮುಖದ ಒಂದೇ ಬದಿ, ಜೊಲ್ಲು, ಎಚ್ಚರ ಉಂಟು ಆದ್ರೆ ಮಾತಿಲ್ಲ, ವಯಸ್ಸು ಎಂಟು. ಇದಕ್ಕೆ ರೊಲಾಂಡಿಕ್ ಎಪಿಲೆಪ್ಸಿ ಅಂತ ಹೇಳುದು. ರೊಲಾಂಡೋ ಅಂತ ಇಟಲಿಯ ಶರೀರಶಾಸ್ತ್ರದವನು ಒಬ್ಬ, ಮಿದುಳಿನ ಒಂದು ಗೆರೆಗೆ ಅವನ ಹೆಸರು, ಆ ಗೆರೆಯ ಹತ್ತಿರ ಬಾಯಿ ನಾಲಗೆ ಮುಖ ಆಡಿಸುವ ಜಾಗ ಉಂಟು, ಕಿಡಿ ಹಾರುದು ಅಲ್ಲಿಂದ. ಮಕ್ಕಳಲ್ಲಿ ಒಂದೇ ಜಾಗದಿಂದ ಹೊರಡುವ ಫಿಟ್ಸ್‌ಗಳ ಪೈಕಿ ತುಂಬ ಸಾಮಾನ್ಯವಾದದ್ದು ಇದು. ಜೀವಮಾನದ್ದು ಅಲ್ಲವೇ ಅಲ್ಲ. ಹದಿಮೂರು ಹದಿನಾಲ್ಕಕ್ಕೆ, ತಡ ಅಂದ್ರೂ ಹೆಚ್ಚುಕಮ್ಮಿ ಹದಿನಾರಕ್ಕೆ ತಾನಾಗಿ ನಿಂತು ಹೋಗ್ತದೆ. ಹಾಗಾಗಿಯೇ ಡಾಕ್ಟ್ರುಗಳ ಅಂತಾರಾಷ್ಟ್ರೀಯ ಸಂಘದವರು 2022ರಲ್ಲಿ ಇದರ ಹೆಸರಿಗೇ "ತಾನಾಗಿ ನಿಲ್ಲುವ" ಅಂತ ಸೇರಿಸಿದ್ದು. ಚರಡು ಕಟ್ಟಿಸಿದ್ರೂ ನಿಲ್ತದೆ, ಕಟ್ಟಿಸದಿದ್ರೂ ನಿಲ್ತದೆ, ಅತ್ತೆಗೆ ಬೇಜಾರು ಆಗುದಾದ್ರೆ ಕಟ್ಟಿಸಿ, ನನಗೆ ತಕರಾರಿಲ್ಲ, ಮದ್ದು ಕೊಟ್ಟಿದ್ರೆ ಅದನ್ನು ಬಿಡ್ಬೇಡಿ ಅಷ್ಟೆ.

ಇನ್ನು ಆ ಗೀಟುಗಳ ವಿಷಯ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಮಾತಾಡುದು ಕರೆಂಟಿನಲ್ಲಿ. ತಲೆಯ ಚರ್ಮದ ಮೇಲೆ ಸಿಗುವಾಗ ಅದು ಎಷ್ಟು ಸಣ್ಣದು ಅಂದ್ರೆ ಒಂದು ಟಾರ್ಚಿನ ಸೆಲ್ಲಿನ ಕರೆಂಟನ್ನು ಹತ್ತು ಸಾವಿರ ಪಾಲು ಮಾಡಿದ್ರೆ ಒಂದು ಪಾಲಿಗಿಂತಲೂ ಕಮ್ಮಿ. ಅದನ್ನು ದೊಡ್ಡದು ಮಾಡಿ ಗೀಟು ಎಳೀತದೆ ಮೆಶಿನ್. ಮನುಷ್ಯನ ತಲೆಯಿಂದ ಮೊದಲು ಇದನ್ನು ಹಿಡಿದದ್ದು ಜರ್ಮನಿಯ ಯೇನಾ ಊರಿನ ಹಾನ್ಸ್ ಬೆರ್ಗರ್, 1924ರಲ್ಲಿ, ಪ್ರಕಟ ಮಾಡಿದ್ದು 1929ರಲ್ಲಿ. ಐದು ವರ್ಷ ತನಗೇ ಪೂರ್ತಿ ನಂಬಿಕೆ ಬಾರದೆ ಮತ್ತೆ ಮತ್ತೆ ಮಾಡಿ ನೋಡ್ತಾ ಇದ್ದ ಮನುಷ್ಯ, ಅವನ ಮೇಲೆ ನನಗೆ ಗೌರವ. ಈಗ ತಲೆಯ ಮೇಲೆ ಇಪ್ಪತ್ತರಷ್ಟು ಬಿಲ್ಲೆ ಅಂಟಿಸ್ತಾರೆ, ಟೇಪ್ ಹಿಡಿದು ಅಳತೆ ಮಾಡಿ. ಎಲ್ಲ ಆಸ್ಪತ್ರೆಯಲ್ಲೂ ಅದೇ ಜಾಗ, ಯಾಕಂದ್ರೆ 1958ರಲ್ಲಿ ಆ ಅಳತೆ ಜಗತ್ತಿಗೇ ಒಂದು ಅಂತ ಮಾಡಿ ಇಟ್ಟಿದ್ದಾರೆ. ಯಾವ ಬಿಲ್ಲೆಯ ಕೆಳಗೆ ಸ್ಪೈಕ್, ಅಂದ್ರೆ ಚೂಪಾದ ಗೀಟು, ಎದ್ದು ಬರ್ತದೆ ಅಂತ ನೋಡಿದ್ರೆ ಅದೇ ಒಂದು ಮ್ಯಾಪ್ ಆಯ್ತು. ನಿಮ್ಮ ಮಗನ ಮ್ಯಾಪಿನಲ್ಲಿ ಕಿವಿಯ ಮೇಲ್ಗಡೆಯ ಜಾಗ, ಕತೆಗೆ ಸರೀ ಹೊಂದ್ತದೆ. ಕತೆಯೂ ಮ್ಯಾಪೂ ಹೊಂದಿದ್ರೆ ಮಾತ್ರ ನಾವು ಧೈರ್ಯದಲ್ಲಿ ಮುಂದಿನದ್ದು ಹೇಳುದು.

"ಫ್ರೀಕ್ವೆಂಟ್" ನೋಡಿ ಹೆದರಿದ್ದೀರಿ. ಈ ಕಾಯಿಲೆಯಲ್ಲಿ ಸ್ಪೈಕ್ ನಿದ್ದೆಯಲ್ಲಿ ರಾಶಿ ರಾಶಿ ಬರ್ತದೆ, ಅಷ್ಟು ಫಿಟ್ಸ್ ಬರ್ತದೆ ಅಂತ ಅರ್ಥ ಅಲ್ಲ. ಸ್ಪೈಕ್ ಎಣಿಸಿ ಕಾಯಿಲೆ ತೂಗ್ಲಿಕ್ಕೆ ಆಗುದಿಲ್ಲ. ಒಂದೇ ಒಂದು ವಿಷಯಕ್ಕೆ ಮಾತ್ರ ಕಣ್ಣಿಡಿ: ಓದು. ಚೆನ್ನಾಗಿ ಓದ್ತಾ ಇದ್ದವನು ಕಾಗುಣಿತ ಮರೀಲಿಕ್ಕೆ ಸುರು ಮಾಡಿದ, ಮಾತು ತಡವರಿಸ್ತದೆ, ಕರೆದ್ರೆ ಅರ್ಥ ಆಗದವನ ಹಾಗೆ ನೋಡ್ತಾನೆ, ಹಟ ಸಿಟ್ಟು ಏಕ್ದಂ ಹೆಚ್ಚಾಯ್ತು, ಇಂಥದ್ದು ಏನಾದ್ರೂ ಕಂಡ್ರೆ ಕೂಡ್ಲೇ ನಿಮ್ಮ ಡಾಕ್ಟ್ರ ಹತ್ತಿರ ಹೇಳಿ, ರಾತ್ರಿ ನಿದ್ದೆಯ ಇಇಜಿ ಮಾಡುವನಾ ಅಂತ ಕೇಳಿ. ಸ್ವಲ್ಪ ಮಕ್ಕಳಲ್ಲಿ ನಿದ್ದೆಯ ಹೊತ್ತು ಪೂರ್ತಿ ಮಿದುಳಿಗೆ ಆ ಕಿಡಿಯೇ ತುಂಬಿಕೊಂಡು ಕಲಿತದ್ದು ಒಳಗೆ ಕೂರುದಿಲ್ಲ. ಅದು ಅಪರೂಪ, ಆದ್ರೆ ಅದಕ್ಕೆ ಮದ್ದು ಬೇರೆ, ಅವಸರವೂ ಬೇರೆ.

ಪ್ರಶ್ನೆ: ಬ್ರೈನ್ ಮ್ಯಾಪಿಂಗ್ ಅಂದ್ರೆ ಪೊಲೀಸರು ಕಳ್ಳರಿಗೆ ಮಾಡುದಲ್ವಾ? ನನ್ನ ಮೊಮ್ಮಗಳಿಗೆ ಯಾಕೆ ಅದು? (ಅಜ್ಜ, ನೀರ್ಚಾಲು)

ಉತ್ತರ: ಅಜ್ಜನವರೇ, ಟಿವಿಯವರು ಒಂದು ಕಾಲದಲ್ಲಿ ಆ ಶಬ್ದವನ್ನು ಅಷ್ಟು ಬಳಸಿದ್ದಾರೆ, ತಪ್ಪು ನಿಮ್ಮದಲ್ಲ. ಅಲ್ಲಿಯೂ ತಲೆಗೆ ವಯರೇ, ಆದ್ರೆ ಕೇಳುದು ಬೇರೆ. ಒಪ್ಪಿಗೆ ಇಲ್ಲದೆ ಯಾರಿಗೂ ಆ ಪರೀಕ್ಷೆ ಮಾಡ್ಬಾರದು ಅಂತ ಸುಪ್ರೀಂ ಕೋರ್ಟು 2010ರಲ್ಲೇ, ಕರ್ನಾಟಕದಿಂದ ಹೋದ ಸೆಲ್ವಿ ಕೇಸಿನಲ್ಲಿ ಹೇಳಿ ಆಯ್ತು. ನಿಮ್ಮ ಮೊಮ್ಮಗಳಿಗೆ ಮಾಡುದು ಇಇಜಿ, ಮನಸ್ಸಿನಲ್ಲಿ ಎಂತ ಉಂಟು ಅಂತ ಅದರಲ್ಲಿ ಕಾಣುದಿಲ್ಲ. ಅವಳು ಬೆಲ್ಲ ಕದ್ದದ್ದು ಗೊತ್ತಾಗ್ಲಿಕ್ಕಿಲ್ಲ.

ಪ್ರಶ್ನೆ: ಐದು ವರ್ಷದ ಮಗಳಿಗೆ ಆಡ್ತಾ ಇರುವಾಗ ಫಿಟ್ಸ್ ಬಂತು, ಜ್ವರ ಇರ್ಲಿಲ್ಲ. ಇಇಜಿ ನಾರ್ಮಲ್ ಅಂತ ಬಂತು. ಅಂದ್ರೆ ಕಾಯಿಲೆ ಇಲ್ಲ ಅಂತ ಆಯ್ತಲ್ವಾ? ಮತ್ತೆ ಬರುದಿಲ್ಲ ಅಂತ ಹೇಳ್ಬಹುದಾ? (ರಿಕ್ಷಾ ಓಡಿಸುವ ತಂದೆ, ಬದಿಯಡ್ಕ)

ಉತ್ತರ: ನೀವು ಮುಳ್ಳೇರಿಯದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತಿರಿ, ಸುಳ್ಯದ ಬಸ್ಸು ಬರ್ಲಿಲ್ಲ. ಸುಳ್ಯಕ್ಕೆ ಬಸ್ಸೇ ಇಲ್ಲ ಅಂತ ಹೇಳ್ತೀರಾ? ಇಇಜಿಯೂ ಅಷ್ಟೇ, ಇಪ್ಪತ್ತು ಮೂವತ್ತು ನಿಮಿಷದ ಲೆಕ್ಕ. ಅಪಸ್ಮಾರ ಗ್ಯಾರಂಟಿ ಇರುವವರಲ್ಲೇ ಮೊದಲ ಸಲದ ಇಇಜಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ನಾರ್ಮಲ್ ಬರ್ತದೆ. ನಿದ್ದೆ ಕೆಡಿಸಿ ಮಾಡಿದ್ರೆ, ನಿದ್ದೆಯಲ್ಲೇ ಮಾಡಿದ್ರೆ, ಇನ್ನೊಂದು ಸಲ ಮಾಡಿದ್ರೆ ಸಿಕ್ಕುವ ಸಾಧ್ಯತೆ ಹೆಚ್ಚು. ಉಲ್ಟಾ ಕೂಡ ಉಂಟು ಮಾರಾಯ್ರೆ, ಒಂದು ಫಿಟ್ಸೂ ಕಾಣದ ಆರೋಗ್ಯದ ಮಕ್ಕಳು ನೂರು ಜನಕ್ಕೆ ಇಇಜಿ ಮಾಡಿದ್ರೆ ಒಬ್ಬಿಬ್ಬರು ಮೂವರಲ್ಲಿ ಸ್ಪೈಕ್ ಕಾಣ್ತದೆ, ಅವರಿಗೆ ಎಂತ ಮದ್ದೂ ಬೇಡ. ನಾನು ಕಲಿಯುವಾಗ ನಮ್ಮ ಮೇಷ್ಟ್ರು ರಿಪೋರ್ಟನ್ನು ಕವುಚಿ ಇಟ್ಟು ಮೊದಲು ತಾಯಿ ಹತ್ತಿರ ಮಾತಾಡಿ ಅಂತಿದ್ರು, ಆಗ ಸಿಟ್ಟು ಬರ್ತಿತ್ತು, ಈಗ ನಾನೂ ಅದನ್ನೇ ಮಾಡುದು.

ಮತ್ತೆ ಬರ್ತದಾ ಅಂತ ಕೇಳಿದ್ರಿ. ಕಾರಣ ಇಲ್ಲದೆ ಒಂದು ಫಿಟ್ಸ್ ಬಂದ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಇನ್ನೊಂದು ಬರ್ತದೆ, ಬರುದಾದ್ರೆ ಹೆಚ್ಚಾಗಿ ಮೊದಲಿನ ಎರಡು ವರ್ಷದ ಒಳಗೆ. ಇಇಜಿ ನಾರ್ಮಲ್ ಇದ್ರೆ ಆ ಸಾಧ್ಯತೆ ಕಮ್ಮಿ, ಕೆಟ್ಟಿದ್ರೆ ಹೆಚ್ಚು. ನಿಮ್ಮ ಮಗಳು ಕಮ್ಮಿಯ ಬದಿಯಲ್ಲಿದ್ದಾಳೆ. ಸೊನ್ನೆ ಅಲ್ಲ, ಕಮ್ಮಿ. ಒಂದೇ ಸಲ ಬಂದದ್ದಾದ್ರೆ ನಾವು ಹೆಚ್ಚಾಗಿ ದಿನದ ಮದ್ದು ಸುರು ಮಾಡದೆ ಕಾದು ನೋಡುದು, ನಿಮ್ಮ ಡಾಕ್ಟ್ರೂ ಅದನ್ನೇ ಹೇಳಿರ್ಬಹುದು, ಅವರು ಉದಾಸೀನ ಮಾಡಿದ್ರು ಅಂತ ತಿಳೀಬೇಡಿ.

ಇನ್ನೊಂದು ಸಲ ಬಂದ್ರೆ: ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಚಮಚ ನೀರು ಬೆರಳು ಎಂತದೂ ಹಾಕ್ಬೇಡಿ, ಕೈಗೆ ಬೀಗದ ಕೈ ಕೊಡುದು, ಮೂಗಿಗೆ ಈರುಳ್ಳಿ ಹಿಡಿಯುದು ಎಲ್ಲ ಬೇಡ. ಐದು ನಿಮಿಷ ದಾಟಿದ್ರೆ ನಿಮ್ಮದೇ ರಿಕ್ಷಾ ಉಂಟಲ್ಲ, ಆದ್ರೆ ಓಡಿಸುದು ಬೇರೆಯವರು, ನೀವು ಹಿಂದೆ ಮಗುವಿನ ಹತ್ತಿರ ಕೂತು ಹತ್ತಿರದ ಆಸ್ಪತ್ರೆಗೆ ಹೋಗಿ. ಮತ್ತೆ ಮನೆಯಲ್ಲಿ ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡ್ಲಿ. ನಾಚಿಕೆ ಮಾಡ್ಬೇಡಿ. ಮುಖ, ಕೈ, ಕಾಲು ಎಲ್ಲ ಕಾಣುವ ಹಾಗೆ ಒಂದು ನಿಮಿಷದ ವಿಡಿಯೋ ಇದ್ರೆ ಮೂರು ಇಇಜಿಗೆ ಸಮ, ಇದು ನನ್ನ ಅನುಭವದ ಲೆಕ್ಕ.

(ಜ್ವರದ ಫಿಟ್ಸ್ ಬಗ್ಗೆ ನಾಲ್ಕು ಜನ ಕೇಳಿದ್ದಾರೆ, ಇಲ್ಲೇ ಹೇಳಿ ಮುಗಿಸ್ತೇನೆ. ಆರು ತಿಂಗಳಿಂದ ಐದು ವರ್ಷದ ಒಳಗೆ, ಜ್ವರದ ಜೊತೆ, ಇಡೀ ಮೈ, ಹದಿನೈದು ನಿಮಿಷದ ಒಳಗೆ ನಿಂತದ್ದು, ದಿನಕ್ಕೆ ಒಂದೇ ಸಲ ಬಂದದ್ದು, ಮಗು ಮತ್ತೆ ಮೊದಲಿನ ಹಾಗೆ ಆಯ್ತು ಅಂತಾದ್ರೆ ಇಇಜಿ ಮಾಡಿಸುವ ಅಗತ್ಯವೇ ಇಲ್ಲ. ದುಡ್ಡು ಉಳಿಸಿ.)

ಪ್ರಶ್ನೆ: ನನ್ನ ಕ್ಲಾಸಿನ ಹುಡುಗಿ ಒಬ್ಬಳು ಪಾಠದ ಮಧ್ಯ ಹತ್ತು ಸೆಕೆಂಡು ಕಲ್ಲಿನ ಹಾಗೆ ಕೂರ್ತಾಳೆ, ಕಣ್ಣು ಪಿಳಿಪಿಳಿ ಮಾಡ್ತಾಳೆ, ಮತ್ತೆ ಎಂತದೂ ಆಗದ ಹಾಗೆ ಬರೀತಾಳೆ. ದಿನಕ್ಕೆ ತುಂಬ ಸಲ. ಮನೆಯವರು ಉದಾಸೀನ ಅಂತ ಬೈತಾರೆ. (ಟೀಚರ್, ಕುಂಬಳೆ ಹತ್ತಿರದ ಕನ್ನಡ ಶಾಲೆ)

ಉತ್ತರ: ಟೀಚರ್, ನಿಮಗೆ ನಮಸ್ಕಾರ. ಎಷ್ಟೋ ಮಕ್ಕಳ ಈ ಕಾಯಿಲೆ ಕಂಡುಹಿಡಿಯುದು ಡಾಕ್ಟ್ರಲ್ಲ, ಟೀಚರೇ. ಇದು ಆಬ್ಸೆನ್ಸ್ ಇರ್ಬಹುದು, ಅಂದ್ರೆ ಬೀಳದೆ ಕೆಲವು ಸೆಕೆಂಡು ಅರಿವು ಮಾತ್ರ ತಪ್ಪುವ ಫಿಟ್ಸ್. ಡಾಕ್ಟ್ರು ಒಂದು ಕಾಗದದ ತಿರುಗಣೆ ಕೊಟ್ಟು ಮೂರು ನಿಮಿಷ ಜೋರಾಗಿ ಊದು ಅಂತ ಹೇಳ್ತಾರೆ, ಆಬ್ಸೆನ್ಸ್ ಆದ್ರೆ ಊದ್ತಾ ಊದ್ತಾ ಅಲ್ಲೇ ನಿಂತು ಬಿಡ್ತಾಳೆ. ಆಗ ಇಇಜಿಯಲ್ಲಿ ಸೆಕೆಂಡಿಗೆ ಮೂರರ ಹಾಗೆ ಸ್ಪೈಕು ಅಲೆ, ಸ್ಪೈಕು ಅಲೆ, ಯಕ್ಷಗಾನದ ತಾಳದ ಹಾಗೆ ಕ್ರಮದಲ್ಲಿ. 1935ರಲ್ಲಿ ಅಮೆರಿಕಾದ ಗಿಬ್ಸ್, ಡೇವಿಸ್, ಲೆನಾಕ್ಸ್ ಇದನ್ನು ಮೊದಲು ತೋರಿಸಿದ್ದು, ಫಿಟ್ಸ್‌ನ ಜಾತಿ ಗೀಟಿನಲ್ಲಿ ಗೊತ್ತಾಗ್ತದೆ ಅಂತ ಲೋಕಕ್ಕೆ ನಂಬಿಕೆ ಬಂದದ್ದು ಅಲ್ಲಿಂದ. ಈ ಚಿತ್ರ ಸಿಕ್ಕಿದ್ರೆ ಮುಂದಿನದ್ದು ಬಹುಪಾಲು ಒಳ್ಳೆದೇ, ಅರ್ಧಕ್ಕಿಂತ ಹೆಚ್ಚು ಮಕ್ಕಳು ದೊಡ್ಡವರಾಗುವಾಗ ಇದರಿಂದ ಹೊರಗೆ ಬರ್ತಾರೆ. ಮದ್ದು ಆರಿಸ್ಲಿಕ್ಕೂ ಈ ಚಿತ್ರ ಬೇಕು, ಯಾಕಂದ್ರೆ ಬೇರೆ ಫಿಟ್ಸ್‌ಗೆ ಒಳ್ಳೆದಾಗುವ ಕಾರ್ಬಮಜೆಪಿನ್ ಇದಕ್ಕೆ ಕೊಟ್ರೆ ಹೆಚ್ಚಾಗ್ತದೆ. ಮನೆಯವರನ್ನು ಶಾಲೆಗೆ ಕರೆಸಿ, ಬೈಲಿಕ್ಕೆ ಅಲ್ಲ ಅಂತ ಮೊದಲೇ ಹೇಳಿ ಕರೆಸಿ.

ಪ್ರಶ್ನೆ: ಸೊಸೆಯ ಮಗುವಿಗೆ ಆರು ತಿಂಗಳು. ನಿದ್ದೆಯಿಂದ ಏಳುವಾಗ ಕೈ ಎರಡೂ ಚಾಚಿ ತಲೆ ಬಗ್ಗಿಸಿ ನಮಸ್ಕಾರ ಮಾಡಿದ ಹಾಗೆ ಮಾಡ್ತದೆ, ಬಿಡ್ತದೆ, ಮತ್ತೆ ಮಾಡ್ತದೆ, ಹತ್ತು ಹದಿನೈದು ಸಲ. ಬೆಚ್ಚಿ ಬೀಳುದು ಅಂತ ಎಲ್ಲರೂ ಹೇಳ್ತಾರೆ. ಮೊದಲಿನ ಹಾಗೆ ನಗುದಿಲ್ಲ. (ಅಜ್ಜಿ, ಅಡೂರು)

ಉತ್ತರ: ಈ ಪತ್ರಕ್ಕೆ ಉತ್ತರ ಅಚ್ಚಾಗುವ ತನಕ ಕಾಯ್ಲಿಲ್ಲ, ಅದರಲ್ಲಿದ್ದ ನಂಬರಿಗೆ ಆ ದಿನವೇ ಫೋನ್ ಮಾಡಿ ಮರುದಿನ ಮಗುವನ್ನು ಕರ್ಕೊಂಡು ಹೋಗ್ಲಿಕ್ಕೆ ಹೇಳಿದೆ, ಹೋಗಿದ್ದಾರೆ, ಚಿಕಿತ್ಸೆ ಸುರು ಆಗಿದೆ. ಇಲ್ಲಿ ಹಾಕುದು ಬೇರೆಯವರಿಗೆ ಗೊತ್ತಾಗ್ಲಿ ಅಂತ.

ಇದಕ್ಕೆ ಇನ್‌ಫಂಟೈಲ್ ಸ್ಪಾಸಮ್ ಅಂತ ಹೆಸರು. 1841ರಲ್ಲಿ ಇಂಗ್ಲೆಂಡಿನ ವೆಸ್ಟ್ ಅಂತ ಡಾಕ್ಟ್ರು ಲ್ಯಾನ್ಸೆಟ್ ಪತ್ರಿಕೆಗೆ ಒಂದು ಕಾಗದ ಬರೆದ್ರು, ನನ್ನ ಮಗು ಹೀಗೆ ಬಗ್ಗಿ ಬಗ್ಗಿ ಏಳ್ತದೆ, ಯಾರಿಗಾದ್ರೂ ಎಂತದಾದ್ರೂ ಗೊತ್ತುಂಟಾ ಅಂತ. ಸ್ವಂತ ಮಗನ ವಿಷಯ. ಅಡೂರಿನ ಅಜ್ಜಿ ಬರ್ದದ್ದೂ ಅದೇ ಪತ್ರ, ನೂರೆಂಬತ್ತು ವರ್ಷ ಕಳೆದು. ಇದರ ಇಇಜಿಗೆ ಹಿಪ್ಸ್‌ಅರಿತ್ಮಿಯಾ ಅಂತ ಹೇಳ್ತಾರೆ, ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಬೊಬ್ಬೆ ಹೊಡೆದ ಹಾಗೆ, ಒಂದಕ್ಕೊಂದು ಸಂಬಂಧ ಇಲ್ಲದ ಎತ್ತರೆತ್ತರದ ಗೀಟುಗಳು. ಇಲ್ಲಿ ಮುಂದಿನದ್ದನ್ನು ನಿರ್ಧಾರ ಮಾಡುದು ಎರಡು: ಮಿದುಳಿಗೆ ಮೊದಲು ಎಂತ ಆಗಿತ್ತು, ಮತ್ತೆ ಚಿಕಿತ್ಸೆ ಎಷ್ಟು ಬೇಗ ಸುರು ಆಯ್ತು. ಮೊದಲಿನದ್ದು ನಮ್ಮ ಕೈಯಲ್ಲಿಲ್ಲ. ಎಸಿಟಿಎಚ್ ಇಂಜೆಕ್ಷನ್, ಪ್ರೆಡ್ನಿಸೋಲೋನ್, ವಿಗಾಬಟ್ರಿನ್, ಇವುಗಳಲ್ಲಿ ಯಾವುದು ಅಂತ ಡಾಕ್ಟ್ರು ನೋಡ್ತಾರೆ, ಆದ್ರೆ ವಾರಗಟ್ಟಲೆ "ಬೆಚ್ಚುದು" "ಹೊಟ್ಟೆನೋವು" ಅಂತ ಮನೆಯಲ್ಲಿ ಕಳೆದ್ರೆ ಬುದ್ಧಿ ಬೆಳವಣಿಗೆಗೆ ಪೆಟ್ಟು. ಬಗ್ಗುದು ನಿಂತ ಮೇಲೂ ಇಇಜಿ ಮತ್ತೆ ಮಾಡ್ಬೇಕು, ಗೀಟು ಶಾಂತ ಆಗಿದ್ಯಾ ಅಂತ. ಮೈ ಮೇಲೆ ಎಲೆಯ ಆಕಾರದ ಬಿಳಿ ಮಚ್ಚೆ ಇದ್ರೆ ಅದನ್ನೂ ತೋರಿಸಿ, ಟ್ಯೂಬರಸ್ ಸ್ಕ್ಲೆರೋಸಿಸ್ ಅಂತ ಒಂದು ಜೀನಿನ ಕಾಯಿಲೆ, ಅದರಲ್ಲಿ ಈ ಫಿಟ್ಸ್ ಜಾಸ್ತಿ.

ಆ ಕಾಯಿಲೆಯಲ್ಲೇ ಒಂದು ಕುತೂಹಲದ ಪ್ರಯತ್ನ ಆಗಿದೆ. ಫಿಟ್ಸ್ ಬರುವ ಮೊದಲೇ ಆಗಾಗ ಇಇಜಿ ಮಾಡುದು, ಸ್ಪೈಕ್ ಕಂಡ ಕೂಡ್ಲೇ, ಫಿಟ್ಸ್ ಇಲ್ಲದಿದ್ರೂ, ವಿಗಾಬಟ್ರಿನ್ ಕೊಡುದು. ಯುರೋಪಿನವರ ಎಪಿಸ್ಟಾಪ್ ಅಧ್ಯಯನ 2021ರಲ್ಲಿ ಬಂತು, ಫಿಟ್ಸ್ ಕಮ್ಮಿ ಆಯ್ತು, ತಡವಾಗಿ ಬಂತು ಅಂತ. ಎಲ್ಲರಿಗೂ ಖುಷಿ. 2023ರಲ್ಲಿ ಅಮೆರಿಕಾದವರದ್ದು ಬಂತು, ಆ ಬಗ್ಗುವ ಫಿಟ್ಸ್ ಕಮ್ಮಿ ಆದದ್ದು ಹೌದು, ಆದ್ರೆ ಎರಡು ವರ್ಷಕ್ಕೆ ಬುದ್ಧಿ ಬೆಳವಣಿಗೆ ಅಳೆದು ನೋಡಿದ್ರೆ ಮೊದಲೇ ಮದ್ದು ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣ್ಲಿಲ್ಲ. ಮ್ಯಾಪು ಮುಂಚಿತವಾಗಿ ಹೇಳಿದ್ದು ಸರಿಯೇ ಇತ್ತು, ಅದನ್ನು ಕೇಳಿ ನಾವು ಮಾಡಿದ್ದು ಸಾಕಾಗ್ಲಿಲ್ಲ.

ಪ್ರಶ್ನೆ: ನಮ್ಮದು ಎಣ್ಮಕಜೆ. ಮಗನಿಗೆ ಹದಿನಾಲ್ಕು, ಹುಟ್ಟಿದ ಮೇಲಿಂದ ತೊಂದರೆ, ನಡೀಲಿಕ್ಕೆ ಕಷ್ಟ, ದಿನಾ ಧಡ್ ಅಂತ ಬೀಳ್ತಾನೆ. ಇದು ಎಂಡೋಸಲ್ಫಾನಿಂದ ಅಂತ ಇಇಜಿಯಲ್ಲಿ ಬರ್ತದಾ? (ತಾಯಿ)

ಉತ್ತರ: ಬರುದಿಲ್ಲ ಅಕ್ಕ. ಹೀಗೆ ಹೇಳ್ಲಿಕ್ಕೆ ನನಗೆ ಬೇಜಾರು, ಆದ್ರೆ ಸುಳ್ಳು ಹೇಳಿ ನಿಮ್ಮನ್ನು ಇನ್ನೊಂದು ಟೆಸ್ಟಿಗೆ ಓಡಿಸುದಕ್ಕಿಂತ ಇದು ಒಳ್ಳೆದು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು, 2000ದ ವರೆಗೆ, ಆ ಕೀಟನಾಶಕ ಸುರಿದದ್ದು ನಾವೆಲ್ಲ ಕಂಡದ್ದೇ. ಆ ವಿಷ ಮಿದುಳಿನ ಬ್ರೇಕ್ ಹಿಡಿಯುವ ಗಾಬಾ ಅನ್ನುವ ರಾಸಾಯನಿಕದ ಕೆಲಸ ತಡೀತದೆ, ಹೆಚ್ಚು ಮೈಗೆ ಹೋದ್ರೆ ಫಿಟ್ಸ್ ಬರ್ತದೆ, ಇದರಲ್ಲಿ ಅನುಮಾನ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಹೇಳಿತು. ಆದ್ರೆ ಒಂದು ಮಗುವಿನ ತಲೆಗೆ ಬಿಲ್ಲೆ ಹಾಕಿ ಇದು ಅದರಿಂದಲೇ ಅಂತ ಹೇಳ್ಲಿಕ್ಕೆ ಯಾವ ಮೆಶಿನಿಗೂ ಆಗುದಿಲ್ಲ, ಗೀಟಿನಲ್ಲಿ ಕಾರಣದ ಹೆಸರು ಇರುದಿಲ್ಲ. ಹೆರಿಗೆಯಲ್ಲಿ ಉಸಿರು ಕಟ್ಟಿದ ಮಗು, ಜೀನಿನ ದೋಷ ಇರುವ ಮಗು, ಎಲ್ಲರ ಗೀಟೂ ಒಂದೇ ತರ ಕಾಣ್ಬಹುದು. ಪಟ್ಟಿ, ಕ್ಯಾಂಪು, ಪರಿಹಾರದ ಕಾಗದ ಪತ್ರ ಎಲ್ಲ ಬೇರೆ ದಾರಿ, ಅದಕ್ಕೆ ಈ ರಿಪೋರ್ಟನ್ನು ಕಾಯ್ಬೇಡಿ.

ಹಾಗಂತ ಇಇಜಿ ಬೇಡ ಅಂತಲ್ಲ. ಧಡ್ ಅಂತ ಬೀಳುವ ಮಕ್ಕಳಲ್ಲಿ ಟೀಚರಿಗೆ ಮೇಲೆ ಹೇಳಿದ ಅದೇ ಸ್ಪೈಕು ಅಲೆ ಇನ್ನೂ ನಿಧಾನದಲ್ಲಿ, ಸೆಕೆಂಡಿಗೆ ಎರಡೂವರೆಗಿಂತ ಕಮ್ಮಿಯಾಗಿ ಬರ್ತದಾ ನೋಡ್ತಾರೆ. ಬಂದ್ರೆ ಲೆನಾಕ್ಸ್ ಗ್ಯಾಸ್ಟೋ ಇರ್ಬಹುದು, ಅದು ಹಟದ ಕಾಯಿಲೆ, ಪೂರ್ತಿ ನಿಲ್ಲುದು ಕಷ್ಟ. ಆಗ ಗುರಿ ಬೇರೆ ಇಟ್ಟುಕೊಳ್ಳುದು: ಬೀಳುದು ಕಮ್ಮಿ ಆಗ್ಬೇಕು, ಮದ್ದಿನ ಅಮಲಿನಲ್ಲಿ ಮಗು ದಿನ ಪೂರ್ತಿ ತೂಗಾಡ್ಬಾರದು. ತಲೆಗೆ ಮೆತ್ತನೆಯ ಹೆಲ್ಮೆಟ್ ಹಾಕಿ. ಮತ್ತೆ ನಿಮಗೆ, ತಾಯಿಗೆ, ವಾರಕ್ಕೆ ಒಂದು ರಾತ್ರಿ ಆದ್ರೂ ಬೇರೆ ಯಾರಾದ್ರೂ ಮಗನ ಹತ್ತಿರ ಮಲಗಿ ನಿದ್ದೆ ಸಿಗುವ ಹಾಗೆ ಮಾಡ್ಬೇಕು, ಇದನ್ನು ಮನೆಯ ಗಂಡಸರು ಓದ್ಲಿ ಅಂತಲೇ ಬರೆಯುದು.

ಪ್ರಶ್ನೆ: ತಂಗಿಗೆ ಹನ್ನೆರಡು ವರ್ಷ. ಎರಡು ಮದ್ದು ಆಯ್ತು, ಮೂರನೆಯದು ಸುರು ಆಗಿದೆ, ವಾರಕ್ಕೆ ಎರಡು ಸಲ ಬರುದು ನಿಲ್ಲಲೇ ಇಲ್ಲ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್. ಎಂಇಜಿ, ಫಂಕ್ಷನಲ್ ಎಂಆರ್‌ಐ, ಎಐ ಮಾಡೆಲ್ ಎಲ್ಲ ಓದಿದೆ. ಆಪರೇಶನ್ ಮಾಡಿದ್ರೆ ಗುಣ ಆಗ್ತದಾ ಅಂತ ಅದರಲ್ಲಿ ಮೊದಲೇ ಹೇಳ್ಲಿಕ್ಕೆ ಆಗ್ತದಾ? (ಅಣ್ಣ, ಉಪ್ಪಳ)

ಉತ್ತರ: ತಮ್ಮ, ನೀನು ಕೇಳಿದ ಪ್ರಶ್ನೆ ಸರಿಯಾದ ಹೊತ್ತಿಗೆ ಬಂತು. ಫಿಟ್ಸ್ ಇರುವ ಮೂರರಲ್ಲಿ ಎರಡು ಪಾಲು ಜನಕ್ಕೆ ಮದ್ದಲ್ಲೇ ನಿಲ್ತದೆ. ಸರಿಯಾಗಿ ಆರಿಸಿದ, ಸರಿಯಾದ ಡೋಸಿನ ಎರಡು ಮದ್ದಿಗೆ ನಿಲ್ಲದಿದ್ರೆ ಅದನ್ನು ಮದ್ದಿಗೆ ಬಗ್ಗದ ಎಪಿಲೆಪ್ಸಿ ಅಂತ ಲೆಕ್ಕ ಹಾಕುದು, ಅಲ್ಲಿಂದ ಮುಂದೆ ಮೂರನೆಯದು ನಾಲ್ಕನೆಯದು ಅಂತ ವರ್ಷ ಕಳೆಯುದು ನನಗಂತೂ ಸರಿ ಕಾಣುದಿಲ್ಲ. ನಮ್ಮಲ್ಲಿ ಆಪರೇಶನ್ ಅಂದ್ರೆ ಕೊನೆಯ ಉಪಾಯ ಅಂತ ತಿಳ್ಕೊಂಡಿದ್ದಾರೆ. ದೆಹಲಿಯ ಏಮ್ಸ್‌ನವರು 116 ಮಕ್ಕಳನ್ನು ಎರಡು ಗುಂಪು ಮಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕ ನೋಡು: ಒಂದು ವರ್ಷದ ನಂತರ ಆಪರೇಶನ್ ಆದವರಲ್ಲಿ ನೂರಕ್ಕೆ 77 ಮಂದಿಗೆ ಫಿಟ್ಸ್ ಇಲ್ಲ, ಬರೀ ಮದ್ದಲ್ಲಿ ಇದ್ದವರಲ್ಲಿ ನೂರಕ್ಕೆ 7. ಆಪರೇಶನ್ ಆದ ಕೆಲವರಿಗೆ ಕೈಕಾಲು ಬಲ ಕಮ್ಮಿ ಆದದ್ದೂ ಉಂಟು, ಅದನ್ನೂ ಅವರು ಮುಚ್ಚಿಡ್ಲಿಲ್ಲ.

ಆದ್ರೆ ಎಲ್ಲರಿಗೂ ಆಗುವ ಆಪರೇಶನ್ ಅಲ್ಲ ಇದು, ಕಿಡಿ ಹೊರಡುವ ಜಾಗ ಒಂದೇ ಇರ್ಬೇಕು, ಆ ಜಾಗ ತೆಗೆದ್ರೆ ಮಾತು, ಕೈಕಾಲು, ನೆನಪು ಹೋಗ್ಬಾರದು. ಮ್ಯಾಪು ನಿಜವಾಗಿ ಬೇಕಾಗುದು ಇಲ್ಲಿ. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ಪೆನ್‌ಫೀಲ್ಡ್ ಅಂತ ಸರ್ಜನ್ನು ರೋಗಿ ಎಚ್ಚರ ಇರುವಾಗಲೇ ಮಿದುಳಿಗೆ ಸಣ್ಣ ಕರೆಂಟು ಮುಟ್ಟಿಸಿ, ಇಲ್ಲಿ ಮುಟ್ಟಿದ್ರೆ ಬೆರಳು, ಇಲ್ಲಿ ಮುಟ್ಟಿದ್ರೆ ನಾಲಗೆ ಅಂತ ನಕ್ಷೆ ಬರ್ದದ್ದು. ಈಗ ತಲೆ ತೆರೆಯದೆ ಬಹುಪಾಲು ಆಗ್ತದೆ. ಫಂಕ್ಷನಲ್ ಎಂಆರ್‌ಐಯಲ್ಲಿ ಮಗುವಿನ ಹತ್ತಿರ ಬೆರಳು ಆಡಿಸು, ಮನಸ್ಸಿನಲ್ಲೇ ಪ್ರಾಣಿಗಳ ಹೆಸರು ಹೇಳು ಅಂತ ಹೇಳುದು, ಯಾವ ಜಾಗಕ್ಕೆ ರಕ್ತ ಹೆಚ್ಚು ಹರಿದದ್ದು ನೋಡುದು. ತಂಗಿಯನ್ನು ಕರ್ಕೊಂಡು ಹೋದ್ರೆ ಅವಳು ಯಾವ ಭಾಷೆಯಲ್ಲಿ ಯೋಚನೆ ಮಾಡ್ತಾಳೆ ಅಂತ ಮೊದಲೇ ಹೇಳು ಮಾರಾಯ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಪ್ರಶ್ನೆ ಹಾಕಿದ್ರೆ ಮಾತಿನ ಜಾಗ ಹೇಗೆ ಸಿಗ್ಬೇಕು?

ಎಂಇಜಿ ಅಂದ್ರೆ ಆ ಕರೆಂಟಿನ ಸುತ್ತ ಹುಟ್ಟುವ ಅಯಸ್ಕಾಂತದ ಶಕ್ತಿ ಹಿಡಿಯುದು. ಭೂಮಿಯ ಅಯಸ್ಕಾಂತದ ಹತ್ತಾರು ಕೋಟಿ ಪಾಲಿನಲ್ಲಿ ಒಂದು, ಅದಕ್ಕೆ ದಪ್ಪ ಲೋಹದ ಗೋಡೆಯ ರೂಮು, ದ್ರವ ಹೀಲಿಯಮಿನಲ್ಲಿ ತಣ್ಣಗೆ ಮಾಡಿದ ಸೆನ್ಸರುಗಳ ದೊಡ್ಡ ಹೆಲ್ಮೆಟ್ಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉಂಟು. ತಲೆಬುರುಡೆ ಇಇಜಿಯ ಗೀಟನ್ನು ಮಸುಕು ಮಾಡ್ತದೆ, ಇದನ್ನು ಅಷ್ಟು ಮಾಡುದಿಲ್ಲ, ಹಾಗಾಗಿ ಜಾಗ ಸ್ವಲ್ಪ ಸ್ಪಷ್ಟ. ಎಲ್ಲ ಮಕ್ಕಳಿಗೂ ಬೇಕು ಅಂತಿಲ್ಲ. ಎಂಆರ್‌ಐಯಲ್ಲಿ ಗಾಯ ಸ್ಪಷ್ಟ ಕಂಡು, ವಿಡಿಯೋ ಇಇಜಿಯಲ್ಲಿ ಫಿಟ್ಸೂ ಅಲ್ಲಿಂದಲೇ ಹೊರಟ್ರೆ ಅಷ್ಟೇ ಸಾಕಾಗ್ತದೆ, ಗುಣ ಆಗುವ ಸಾಧ್ಯತೆ ಹೆಚ್ಚು ಇರುದೂ ಅಂಥವರಿಗೇ. ಒಂದು ಪರೀಕ್ಷೆ ಇಲ್ಲಿ ಅಂತ, ಇನ್ನೊಂದು ಅಲ್ಲಿ ಅಂತ ಹೇಳಿದ್ರೆ ಆಗ ಎಂಇಜಿ, ಪೆಟ್ ಸ್ಕ್ಯಾನ್, ಕೆಲವೊಮ್ಮೆ ಮಿದುಳಿನ ಒಳಗೇ ತಂತಿ ಇಟ್ಟು ನೋಡುದು. ನಮ್ಮ ಬದಿಯವರಿಗೆ ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಲ್ಲೂ ಈ ಕೆಲಸ 1995ರಿಂದ ನಡೀತಾ ಉಂಟು, ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಅಲ್ಲಿ.

ಎಐ ಬಗ್ಗೆ: ನಿನಗೆ ನನಗಿಂತ ಹೆಚ್ಚು ಗೊತ್ತಿರ್ಬಹುದು, ಆದ್ರೂ ಒಂದು ಮಾತು. ಗೀಟು ಓದ್ಲಿಕ್ಕೆ, ಸ್ಪೈಕ್ ಹುಡುಕ್ಲಿಕ್ಕೆ ಅದು ಒಳ್ಳೆ ಸಹಾಯ, ಇಪ್ಪತ್ನಾಲ್ಕು ಗಂಟೆಯ ರೆಕಾರ್ಡಿಂಗು ಕೂತು ನೋಡಿ ಕಣ್ಣು ಕೆಂಪು ಮಾಡ್ಕೊಂಡವರಿಗೆ ಗೊತ್ತು. ಮುಂದಿನದ್ದು ಹೇಳುದು ಬೇರೆ. ಒಂದು ಆಸ್ಪತ್ರೆಯ ಕೆಲವೇ ನೂರು ಮಕ್ಕಳ ಮೇಲೆ ಕಲಿತ ಮಾಡೆಲ್ಲು ಇನ್ನೊಂದು ಊರಿನ ಮೆಶಿನು, ಇನ್ನೊಂದು ತರದ ಮಕ್ಕಳು ಬಂದ ಕೂಡ್ಲೇ ಎಡವುದು ಮಾಮೂಲು. "ನೂರಕ್ಕೆ ಎಪ್ಪತ್ತು ಸಾಧ್ಯತೆ" ಅಂತ ಅದು ಹೇಳಿದ್ರೂ ನಿನ್ನ ತಂಗಿ ಆ ಎಪ್ಪತ್ತರಲ್ಲಾ ಮೂವತ್ತರಲ್ಲಾ ಅಂತ ಅದಕ್ಕೆ ಗೊತ್ತಿಲ್ಲ. ನೀನು ಈಗ ಮಾಡ್ಬೇಕಾದ ಕೆಲಸ ಮಾಡೆಲ್ ಹುಡುಕುದಲ್ಲ, ಎಪಿಲೆಪ್ಸಿ ಸರ್ಜರಿ ಟೀಮು ಇರುವ ಕಡೆ ಅಪಾಯಿಂಟ್‌ಮೆಂಟ್ ತೆಗೆಯುದು.

ಪ್ರಶ್ನೆ: ಮಗಳಿಗೆ ಹದಿನೈದು. ಎರಡೂವರೆ ವರ್ಷದಿಂದ ಫಿಟ್ಸ್ ಇಲ್ಲ. ಮಾತ್ರೆ ನಿಲ್ಲಿಸ್ಬಹುದಾ? ಮುಂದೆ ಮದುವೆಗೆ ತೊಂದರೆ ಆಗ್ತದಾ? (ತಂದೆ, ಮಂಜೇಶ್ವರ)

ಉತ್ತರ: ಎರಡು ವರ್ಷ ಫಿಟ್ಸ್ ಇಲ್ಲದಿದ್ರೆ ನಿಲ್ಲಿಸುವ ಮಾತು ಸುರು ಮಾಡುದು ಕ್ರಮ. ನಿಲ್ಲಿಸಿದ ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಮತ್ತೆ ಬರ್ತದೆ. ಅದು ಯಾರಿಗೆ ಅಂತ ಅಂದಾಜು ಮಾಡ್ಲಿಕ್ಕೆ ಇಇಜಿ ಸ್ವಲ್ಪ ಸಹಾಯ, ಸ್ಪೈಕ್ ಉಳಿದಿದ್ರೆ ಅಪಾಯ ಹೆಚ್ಚು. ಆದ್ರೆ ಅದಕ್ಕಿಂತ ಮುಖ್ಯ ಯಾವ ಜಾತಿಯ ಫಿಟ್ಸ್ ಅನ್ನುದು. ಬೆಳಿಗ್ಗೆ ಏಳುವಾಗ ಕೈಯಿಂದ ಚಾ ಗ್ಲಾಸು ಹಾರಿ ಬೀಳುವ ಹಾಗೆ ಝಟಕಾ ಬರ್ತಿತ್ತಾ? ಹೌದು ಅಂತಾದ್ರೆ ನಿಲ್ಲಿಸಿದ್ರೆ ಮತ್ತೆ ಬರುದು ಜಾಸ್ತಿ. ಯಾವುದಾದ್ರೂ ಏಕ್ದಂ ನಿಲ್ಲಿಸ್ಬೇಡಿ, ತಿಂಗಳುಗಟ್ಟಲೆ ಇಳಿಸ್ತಾ ಬರುದು. ಮಾತ್ರೆ ವಾಲ್‌ಪ್ರೋಯೇಟ್ ಆದ್ರೆ, ಹೆಣ್ಣು ಮಗು ದೊಡ್ಡವಳಾಗ್ತಾ ಇದ್ದಾಳೆ, ಅದು ಮುಂದೆ ಗರ್ಭದ ಮಗುವಿಗೆ ತೊಂದರೆ ಮಾಡ್ತದೆ, ಬದಲಿಸುವ ಬಗ್ಗೆ ಈಗಲೇ ಡಾಕ್ಟ್ರ ಹತ್ತಿರ ಕೇಳಿ.

ಮದುವೆಗೆ ಕಾನೂನಿನ ತೊಂದರೆ 1999ರಲ್ಲೇ ಹೋಯ್ತು, ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಶಬ್ದ ತೆಗೆದಾಗಿದೆ. ಉಳಿದದ್ದು ಬಾಯಿ ತೊಂದರೆ. ಹದಿನೈದಕ್ಕೆ ಅವಳಿಗೆ ಎಸ್‌ಎಸ್‌ಎಲ್‌ಸಿ ಚಿಂತೆ ಇರ್ತದೆ, ನೀವು ಮದುವೆಯದ್ದು ಹಚ್ಬೇಡಿ.

ಪ್ರಶ್ನೆ: ನಾಡಿದ್ದು ಮಂಗಳೂರಿನಲ್ಲಿ ಇಇಜಿ. ಶಾಕ್ ಹೊಡೀತದಾ? ತಲೆಗೆ ಎಣ್ಣೆ ಹಾಕ್ಬಹುದಾ? ಹೊಟ್ಟೆ ಖಾಲಿ ಇರ್ಬೇಕಾ? (ತಾಯಿ, ಸೀತಾಂಗೋಳಿ)

ಉತ್ತರ: ಶಾಕ್ ಇಲ್ಲ, ಮೆಶಿನ್ ತಲೆಯಿಂದ ತೆಗೆಯುದು ಮಾತ್ರ, ತಲೆಗೆ ಎಂತದೂ ಕೊಡುದಿಲ್ಲ. ಹಿಂದಿನ ದಿನ ಶಾಂಪೂ ಹಾಕಿ ತಲೆ ಸ್ನಾನ ಮಾಡಿಸಿ, ಎಣ್ಣೆ ಹಾಕ್ಲೇಬೇಡಿ. ನಮ್ಮ ಬದಿಯ ಮಕ್ಕಳ ತಲೆಯ ತೆಂಗಿನೆಣ್ಣೆಯಲ್ಲಿ ಬಿಲ್ಲೆ ಜಾರಿ ಜಾರಿ ಟೆಕ್ನಿಶಿಯನ್ನು ಅರ್ಧ ಗಂಟೆ ಒರೆಸುದನ್ನು ನಾನೇ ನೋಡಿದ್ದೇನೆ. ಹೊಟ್ಟೆ ತುಂಬ ತಿನ್ನಿಸಿ, ದಿನದ ಮದ್ದು ಅವರು ಬೇಡ ಹೇಳದಿದ್ರೆ ಕೊಡಿ. ನಿದ್ದೆಯ ಇಇಜಿ ಅಂತ ಹೇಳಿದ್ರೆ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸುದು. ಕಷ್ಟ ಇರುದು ಮುಂದೆ, ಕುಂಬಳೆಯಿಂದ ಬಸ್ಸು ಹತ್ತಿದ ಮೇಲೆ. ತಲಪಾಡಿ ಬರುವಾಗ ಮಗು ನಿಮ್ಮ ಹೆಗಲಲ್ಲಿ ಗೊರಕೆ ಹೊಡೆದ್ರೆ ಮೆಶಿನಿನ ಹತ್ತಿರ ಮುಟ್ಟುವಾಗ ಕಣ್ಣು ಬಿಟ್ಟು ಕುಣೀತದೆ, ಅಲ್ಲಿ ನಿದ್ದೆ ಬರುದಿಲ್ಲ, ಇನ್ನೊಂದು ದಿನ ಬನ್ನಿ ಅಂತಾರೆ. ಕಿಟಿಕಿ ಬದಿ ಕೂರಿಸಿ, ಲಾರಿ ಎಣಿಸ್ಲಿಕ್ಕೆ ಹೇಳಿ, ಒಂದು ಪ್ಯಾಕೆಟ್ ಬಾಳೆಕಾಯಿ ಚಿಪ್ಸ್ ಕೈಯಲ್ಲಿರ್ಲಿ.